ಡಿಸ್ಚಾರ್ಜ್ ಬುಕ್ಕಿನಾಗ ಪಶ್ಚಿಮಿ ಸ್ಟಾರ್ ಇಲ್ಲ, ಪಿಪಿಒದಾಗ ಅವ್ವನ ಹೆಸರು ತಪ್ಪು: ಪುಣೆದಾಗ ಕೂತು ಏನ್ ಮಾಡಬಹುದು?

ಧಾನೋರಿ ಹುಡುಗ

ಎಲ್ಲಾರಿಗೂ ನಮಸ್ಕಾರ್ರಿ. ಅಪ್ಪಾಜಿ ಪದಾತಿ ದಳದಾಗ ಇದ್ದವರು. ಭರ್ತಿ 1967, ನಾಯಬ್ ಸುಬೇದಾರ್ ಆಗಿ ಪಿಂಚಣಿ ಬಂದದ್ದು 1991. ರೆಜಿಮೆಂಟಿನ ಹೆಸರು ಇಲ್ಲಿ ಬೇಡ. ತಪ್ಪು ಇಷ್ಟು:

1971ರ ಡಿಸೆಂಬರಿನಾಗ ಪಲ್ಟನ್ ಪಶ್ಚಿಮ ಗಡಿಯಾಗ ಇತ್ತು. ಡಿಸ್ಚಾರ್ಜ್ ಬುಕ್ಕಿನಾಗ (ನೌಕರಿ ಬಿಡೂ ಮುಂದ ಕೊಡೂ ಸೇವಾ ಪುಸ್ತಕ) ಸೈನ್ಯ ಸೇವಾ ಮೆಡಲ್, ಸಂಗ್ರಾಮ್ ಮೆಡಲ್, 9 ವರ್ಷದ ಸೇವಾ ಮೆಡಲ್ ಐತಿ. ಪಶ್ಚಿಮಿ ಸ್ಟಾರ್ (1971ರ ಪಶ್ಚಿಮ ರಣರಂಗದ ಮೆಡಲ್) ಇಲ್ಲ, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಇಲ್ಲ, 20 ವರ್ಷದ್ದೂ ಇಲ್ಲ.

ಪಿಪಿಒದಾಗ (ಪಿಂಚಣಿ ಪಾವತಿ ಆದೇಶ) ಅವ್ವನ ಹೆಸರು ಶಾಂತಾ ದೇವಿ. ಆಧಾರದಾಗ ಶಾಂತವ್ವ, ಮುಂದ ಅಪ್ಪಾಜಿ ಹೆಸರು, ಅಡ್ಡಹೆಸರು. ಹುಟ್ಟಿದ ವರ್ಷ ಸ್ಪರ್ಶ್‌ನಾಗ (ಸೇನಾ ಪಿಂಚಣಿಯ ಆನ್‌ಲೈನ್ ತಾಣ) 1955, ಆಧಾರದಾಗ 1952.

ಮನಿಯಿಂದ ಖಡ್ಕಿಯ ರೆಕಾರ್ಡ್ಸ್ ಆಫೀಸು (ಸೈನಿಕರ ಸೇವಾ ಕಡತ ಇಡೂ ಕಚೇರಿ) ಹತ್ತಿರ. ಅಲ್ಲೇ ಹೋಗಿ ಅರ್ಜಿ ಕೊಟ್ಟರ ನಡೀತದೇನ್ರಿ?

ಖಡ್ಕಿ ಹಳೇ ಬಾಬು

ತಂದೆಯವರು ಬಾಂಬೆ ಸ್ಯಾಪರ್ಸ್ ಅಲ್ಲ ಅಂದ ಮೇಲೆ ಖಡ್ಕಿಗೆ ಹೋಗಿ ಉಪಯೋಗವಿಲ್ಲ. ಖಡ್ಕಿಯ ರೆಕಾರ್ಡ್ಸ್ ಬಾಂಬೆ ಎಂಜಿನಿಯರ್ ಗ್ರೂಪಿನದು, ಅಂದರೆ ಬಾಂಬೆ ಸ್ಯಾಪರ್ಸ್‌ನದು. ಮನೆ ಎಲ್ಲಿದೆ ಅಂತ ಅಲ್ಲ, ಯಾವ ರೆಜಿಮೆಂಟು ಅಂತ ನೋಡಿ ಕಡತ ಇರುತ್ತದೆ. ಈ ಕಡೆಯ ಕನ್ನಡಿಗರಿಗೆ ಹೆಚ್ಚಾಗಿ ಬೇಕಾಗುವುದು ಇವು: ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ. ಮದ್ರಾಸ್ ಸ್ಯಾಪರ್ಸ್, ಪ್ಯಾರಾ, ಪಯೋನಿಯರ್, ಮಿಲಿಟರಿ ಪೊಲೀಸ್ ಬೆಂಗಳೂರು. ತೋಪಖಾನೆ ನಾಶಿಕ್ ರೋಡ್. ಸಿಗ್ನಲ್ಸ್ ಜಬಲ್‌ಪುರ. ಇಎಂಇ (ಯಂತ್ರ ದುರಸ್ತಿ ದಳ), ಆರ್ಡ್ನೆನ್ಸ್ ಸಿಕಂದರಾಬಾದ್. ಮೆಡಿಕಲ್ ಕೋರ್ ಲಖನೌ. ಟ್ಯಾಂಕಿನವರದು ಅಹಮದ್‌ನಗರ (ಈಗಿನ ಅಹಿಲ್ಯಾನಗರ). ಅಧಿಕಾರಿಗಳ ಕಡತ ಇವು ಯಾವುದರಲ್ಲೂ ಇಲ್ಲ, ದಿಲ್ಲಿಯಲ್ಲಿ ಅಜುಟೆಂಟ್ ಜನರಲ್ ಶಾಖೆಯಲ್ಲಿ.

ಎರಡನೆಯದು. "ಮೆಡಲ್ ಕೊಡಿ" ಅಂತ ಬರೆಯುವ ಮುಂಚೆ ಮೆಡಲ್ ಎಲ್ಲಿ ತಪ್ಪಿಹೋಗಿದೆ ಅಂತ ಗೊತ್ತುಮಾಡಿಕೊಳ್ಳಿ. ಮೂರು ಕಡೆ ತಪ್ಪಬಹುದು. ಅರ್ಹತೆ ಇದ್ದರೂ ಪಾರ್ಟ್ ಟು ಆರ್ಡರ್ (ಸೈನಿಕನ ವಿವರ ದಾಖಲಿಸುವ ಆದೇಶ) ಹೊರಟೇ ಇಲ್ಲ. ಆರ್ಡರ್ ಹೊರಟಿದೆ, ಆದರೆ ಡಿಸ್ಚಾರ್ಜ್ ಬುಕ್ ಬರೆದ ಗುಮಾಸ್ತ ಅದನ್ನು ಏರಿಸಿಲ್ಲ. ಬುಕ್ಕಿನಲ್ಲಿ ಏರಿದೆ, ಆದರೆ ಲೋಹದ ಮೆಡಲ್ ಕೈಗೆ ಬಂದಿಲ್ಲ. ಮೂರಕ್ಕೂ ಬೇರೆ ಬೇರೆ ಅರ್ಜಿ. ಎರಡನೆಯದು ಬರೀ ನಮೂದಿನ ಕೆಲಸ, ರೆಕಾರ್ಡ್ಸ್‌ನಲ್ಲೇ ಮುಗಿಯುತ್ತದೆ. ಮೂರನೆಯದು ರೆಕಾರ್ಡ್ಸ್ ಮೂಲಕ ದಿಲ್ಲಿಯ ಮೆಡಲ್ ವಿಭಾಗಕ್ಕೆ ಹೋಗಬೇಕು. ಮೊದಲನೆಯದೇ ತಲೆನೋವು, ಯಾಕೆಂದರೆ ಪುರಾವೆ ನೀವು ಹುಡುಕಬೇಕು.

ಬುಕ್ಕಿನಲ್ಲಿ ಇಲ್ಲ ಅಂದ ಮಾತ್ರಕ್ಕೆ ಮೊದಲನೆಯದೇ ಅಂತ ಅಂದುಕೊಳ್ಳಬೇಡಿ.

ರಿಬ್ಬನ್ ಪಟ್ಟಿ

ನಿಮ್ಮ ಮೂರೂ ಮೆಡಲ್ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

25ನೇ ವರ್ಷದ್ದು ಅತಿ ಸುಲಭ. 1972ರ ಆಗಸ್ಟ್ 15ರಂದು ನೌಕರಿಯಲ್ಲಿದ್ದರೆ ಸಾಕು. 1967ರಿಂದ 1991 ಅಂತ ಅದೇ ಬುಕ್ ಹೇಳುತ್ತದೆ, ಬೇರೆ ಪುರಾವೆ ಏಕೆ? 50ನೇ ವರ್ಷದ್ದು 1997ರ ಆಗಸ್ಟ್ 15ರಂದು ಇದ್ದವರಿಗೆ, ನಿಮ್ಮ ತಂದೆಗೆ ಬರುವುದಿಲ್ಲ, ಅದನ್ನು ಪಟ್ಟಿಗೆ ಸೇರಿಸಬೇಡಿ. ಬರದ ಮೆಡಲ್ ಒಂದು ಸೇರಿಸಿದರೂ ಇಡೀ ಅರ್ಜಿಯನ್ನು ಅನುಮಾನದಿಂದ ನೋಡುತ್ತಾರೆ.

20 ವರ್ಷದ್ದು ಸೇವಾವಧಿಯ ಮೆಡಲ್. ಇಲ್ಲಿ ಬಹಳ ಜನ ಎಡವುತ್ತಾರೆ: 'ಲಾಂಗ್ ಸರ್ವಿಸ್ ಅಂಡ್ ಗುಡ್ ಕಂಡಕ್ಟ್' ಅನ್ನುವುದು ಬೇರೆಯೇ ಮೆಡಲ್, ಆಯ್ಕೆ ಮಾಡಿ ಕೊಡುವಂಥದು. ಅರ್ಜಿಯಲ್ಲಿ ಆ ಹೆಸರು ಬರೆದರೆ "ಆಯ್ಕೆಯಾಗಿಲ್ಲ" ಅಂತ ಒಂದು ಸಾಲಿನ ಉತ್ತರ ಬರುತ್ತದೆ, ಅದು ಸರಿಯಾದ ಉತ್ತರವೂ ಹೌದು. '20 ಇಯರ್ಸ್ ಲಾಂಗ್ ಸರ್ವಿಸ್ ಮೆಡಲ್' ಅಂತ ಅಂಕಿ ಸಮೇತ ಬರೆಯಿರಿ.

ಪಶ್ಚಿಮಿ ಸ್ಟಾರ್ ವಿಷಯಕ್ಕೆ ಬನ್ನಿ. 1971ರ ಯುದ್ಧಕ್ಕೆ ಮೂರು: ಸಂಗ್ರಾಮ್ ಮೆಡಲ್ ಆಗ ಸೇನೆಯಲ್ಲಿದ್ದ ಬಹಳ ಜನರಿಗೆ ಸಿಕ್ಕಿದ್ದು. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಆಯಾ ರಣರಂಗದಲ್ಲಿ ಇದ್ದವರಿಗೆ ಮಾತ್ರ. ಹಾಗಾಗಿ "ಸಂಗ್ರಾಮ್ ಸಿಕ್ಕಿದೆ, ಆದ್ದರಿಂದ ಸ್ಟಾರೂ ಸಿಗಬೇಕು" ಅನ್ನುವ ವಾದ ನಿಲ್ಲುವುದಿಲ್ಲ. ಪಲ್ಟನ್ ಗಡಿಯಲ್ಲಿತ್ತು ಅನ್ನುವುದೂ ಸಾಲದು. ಆ ಡಿಸೆಂಬರಿನಲ್ಲಿ ಅವರು ಪಲ್ಟನ್ನಿನ ಜೊತೆ ಇದ್ದರೋ, ರಜೆಯಲ್ಲೋ, ಕೋರ್ಸಿನಲ್ಲೋ, ಆಸ್ಪತ್ರೆಯಲ್ಲೋ, ರೆಜಿಮೆಂಟಲ್ ಸೆಂಟರಿನಲ್ಲೋ, ಅದು ಮುಖ್ಯ. ಸ್ಟಾರ್ ತಪ್ಪಿದವರ ಕಡತ ತೆಗೆದರೆ ಮೊದಲು ನೋಡುವುದು ಇದನ್ನೇ: ಆ ದಿನಗಳಲ್ಲಿ ಬೇರೆ ಕಡೆ ಲಗತ್ತಾಗಿದ್ದರಾ ಅಂತ. ಅಪ್ಪಾಜಿಯನ್ನು ಕೂರಿಸಿ ಇಷ್ಟು ಕೇಳಿ ಬನ್ನಿ.

ಮಡಗಾವ್ ಮಾಮ

ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ಇಲ್ಲಿ ಗೋವಾದಲ್ಲಿ 1961ರ ಕಾರ್ಯಾಚರಣೆಯಲ್ಲಿದ್ದ ಹಿರಿಯರ ಮನೆಯವರು 'ಆಪರೇಷನ್ ವಿಜಯ್ ಮೆಡಲ್' ಕೇಳ್ತಾರೆ. ಹೆಸರು ಅದೇ ಅಲ್ವಾ?

ರಿಬ್ಬನ್ ಪಟ್ಟಿ

ಹೆಸರು ಅದೇ, ಮೆಡಲ್ ಬೇರೆ. ಆಪರೇಷನ್ ವಿಜಯ್ ಮೆಡಲ್, ಆಪರೇಷನ್ ವಿಜಯ್ ಸ್ಟಾರ್ ಎರಡೂ 1999ರ ಕಾರ್ಗಿಲ್‌ಗೆ ಸೇರಿದವು. 1961ರ ಗೋವಾಕ್ಕೆ ಜನರಲ್ ಸರ್ವಿಸ್ ಮೆಡಲ್ 1947, ಅದರ ಮೇಲೆ 'ಗೋವಾ 1961' ಅಂತ ಕ್ಲಾಸ್ಪ್ (ರಿಬ್ಬನ್ನಿಗೆ ಕೂರಿಸುವ ಲೋಹದ ಪಟ್ಟಿ). ಅವರ ಬಳಿ ಮೊದಲೇ ನಾಗಾ ಹಿಲ್ಸ್ ಅಥವಾ ಜಮ್ಮು ಕಾಶ್ಮೀರದ ಕ್ಲಾಸ್ಪ್ ಇದ್ದರೆ ಹೊಸ ಮೆಡಲ್ ಬರುವುದಿಲ್ಲ, ಅದೇ ರಿಬ್ಬನ್ನಿಗೆ ಇನ್ನೊಂದು ಕ್ಲಾಸ್ಪ್ ಸೇರುತ್ತದೆ. ಶ್ರೀಲಂಕಾಕ್ಕೆ ಹೋದವರದೂ ಇದೇ ಗೊಂದಲ: ಅಲ್ಲಿನ ಕಾರ್ಯಾಚರಣೆಯ ಹೆಸರಲ್ಲಿ 'ಪವನ್ ಮೆಡಲ್' ಅಂತ ಇಲ್ಲ, ಸ್ಪೆಷಲ್ ಸರ್ವಿಸ್ ಮೆಡಲ್ಲಿಗೆ ಶ್ರೀಲಂಕಾ ಕ್ಲಾಸ್ಪ್.

ಖಡ್ಕಿ ಹಳೇ ಬಾಬು

ಈಗ ಪುರಾವೆಗೆ ಬರೋಣ, ಇದೇ ಈ ಚರ್ಚೆಯ ಹೂರಣ.

ಸೇನೆಯಲ್ಲಿ ಒಬ್ಬ ಜವಾನನ ಬದುಕಿನಲ್ಲಿ ಏನೇ ಆಗಲಿ, ಮದುವೆ, ಮಗು, ಬಡ್ತಿ, ರಜೆ, ವರ್ಗ, ಗಾಯ, ಮೆಡಲ್, ಎಲ್ಲವೂ ಪಾರ್ಟ್ ಟು ಆರ್ಡರಿನಲ್ಲಿ ಅಚ್ಚಾಗಬೇಕು. ಅದನ್ನು ನೋಡಿ ರೆಕಾರ್ಡ್ಸ್‌ನವರು ಶೀಟ್ ರೋಲ್ (ಸೈನಿಕನ ಸೇವಾ ವಿವರದ ಹಾಳೆ) ಮತ್ತು 'ಸರ್ವಿಸ್ ಅಂಡ್ ಕ್ಯಾಶುಯಲ್ಟಿ ಫಾರ್ಮ್'ನಲ್ಲಿ ಏರಿಸುತ್ತಾರೆ. ಕ್ಯಾಶುಯಲ್ಟಿ ಅಂದರೆ ಗಾಯಾಳು ಅಂತ ಅಂದುಕೊಂಡು ಮನೆಯವರು ಆ ಹಾಳೆಯನ್ನು ಕೇಳುವುದೇ ಇಲ್ಲ. ಸೇನೆಯ ಕಚೇರಿ ಭಾಷೆಯಲ್ಲಿ ದಾಖಲಾಗುವ ಪ್ರತಿ ಘಟನೆಯೂ 'ಕ್ಯಾಶುಯಲ್ಟಿ'ಯೇ, ರಜೆಗೆ ಹೋಗಿದ್ದೂ ಸಹ. ನಿಮಗೆ ಬೇಕಾದ 1971ರ ಚಲನವಲನ ಇರುವುದು ಅದರಲ್ಲೇ.

ಆದ್ದರಿಂದ ಮೊದಲ ಕಾಗದ ಅರ್ಜಿಯಲ್ಲ, ಪ್ರತಿ ಕೇಳುವ ಪತ್ರ. ಒಕ್ಕಣೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಲಿ, ಕೇಳುವುದು ನಾಲ್ಕೇ: ಶೀಟ್ ರೋಲಿನ ಪ್ರತಿ, ಸರ್ವಿಸ್ ಅಂಡ್ ಕ್ಯಾಶುಯಲ್ಟಿ ಫಾರ್ಮಿನ ಪ್ರತಿ, ಮೆಡಲ್ ಕುರಿತು ಹೊರಟ ಎಲ್ಲ ಪಾರ್ಟ್ ಟು ಆರ್ಡರುಗಳ ಸಂಖ್ಯೆ ಮತ್ತು ತಾರೀಖು, ಹೆಂಡತಿಯ ಹೆಸರು ಮತ್ತು ಜನ್ಮದಿನಾಂಕ ಏರಿಸಿದ ಪಾರ್ಟ್ ಟು ಆರ್ಡರಿನ ಪ್ರತಿ. ಜೊತೆಗೆ ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳ ಜೆರಾಕ್ಸ್ (ಖಾಲಿ ಪುಟವೂ), ಪಿಪಿಒ, ಆಧಾರ್. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಮೂಲ ಬುಕ್ಕನ್ನು ಯಾರೂ ಕೇಳದೆ ಅಂಚೆಗೆ ಹಾಕಬೇಡಿ. ನಮೂದು ಮಾಡಲು ಅವರೇ ಕರೆಸಿದಾಗ ಕೈಯಾರೆ ಒಯ್ದು ಸ್ವೀಕೃತಿ ಬರೆಸಿಕೊಳ್ಳಿ.

ವಿಮಾನನಗರ ವಕೀಲೆ

ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಕೇಂದ್ರದ ಆರ್‌ಟಿಐ ಆನ್‌ಲೈನ್ ತಾಣ, ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಅಲ್ಲಿ ಬರೆಯುವ ಜಾಗ 3000 ಅಕ್ಷರಕ್ಕೆ ಮುಗಿಯುತ್ತದೆ, ಹೆಚ್ಚಿದ್ದರೆ ಪಿಡಿಎಫ್ ಲಗತ್ತಿಸಿ. 30 ದಿನದಲ್ಲಿ ಉತ್ತರ ಕೊಡಬೇಕು. ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

ಎರಡು ಎಚ್ಚರಿಕೆ. ಅರ್ಜಿ ಅಪ್ಪಾಜಿಯ ಹೆಸರಲ್ಲೇ ಇರಲಿ. ಮಗನ ಹೆಸರಲ್ಲಿ ಹಾಕಿದರೆ 'ಮೂರನೆಯವರ ಖಾಸಗಿ ಮಾಹಿತಿ' ಅಂತ 8(1)(ಜೆ) ಕಲಮು ತೋರಿಸಿ ತಳ್ಳಿಹಾಕುತ್ತಾರೆ. ಇನ್ನೊಂದು, "ಏಕೆ ಮೆಡಲ್ ಕೊಟ್ಟಿಲ್ಲ?" ಅಂತ ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಇರುವ ಕಾಗದ, ವಿವರಣೆ ಅಲ್ಲ. "ಇಂಥ ಪ್ರತಿ ಕೊಡಿ, ಇಲ್ಲದಿದ್ದರೆ ಇಲ್ಲ ಅಂತ ಬರೆದುಕೊಡಿ" ಅನ್ನಿ. ಆ "ಇಲ್ಲ" ಅನ್ನುವ ಕಾಗದವೂ ಮುಂದೆ ಕೆಲಸಕ್ಕೆ ಬರುತ್ತದೆ.

ನಿಗಡಿ ಕಾಕಾ

ಎಲ್ಲಾ ಸುಟ್ಟುಹಾಕಿರ್ತಾರ ಬಿಡ್ರಿ, 25 ವರ್ಷ ಆತಂದ್ರ ಮುಗೀತು.

ಖಡ್ಕಿ ಹಳೇ ಬಾಬು

ಕಾಕಾ, 25 ವರ್ಷ ಪಿಂಚಣಿ ಇಲ್ಲದೆ ಹೊರಬಂದವರದ್ದು. ಪಿಂಚಣಿದಾರರ ಸೇವಾ ಕಡತ 50 ವರ್ಷ ಇಡುತ್ತಾರೆ. 1991ರಲ್ಲಿ ಬಂದವರದ್ದು ಇರಲೇಬೇಕು. ಪಿಂಚಣಿ ಇಲ್ಲದವರದ್ದು ನಾಶವಾಗಿದ್ದರೂ ಲಾಂಗ್ ರೋಲ್ ಅನ್ನುವ ದಪ್ಪ ರಿಜಿಸ್ಟರ್ ಶಾಶ್ವತ. ಅದರಲ್ಲಿ ಮೆಡಲ್ ವಿವರ ಹುಡುಕಿ ಪ್ರಯೋಜನವಿಲ್ಲ, ಆದರೆ ನಂಬರು, ಹೆಸರು, ಭರ್ತಿ ಮತ್ತು ಬಿಡುಗಡೆಯ ತಾರೀಖು ಸಿಗುತ್ತದೆ. "ಇಂಥವರು ನಮ್ಮಲ್ಲಿ ಇದ್ದರು" ಅಂತ ಸಾಬೀತು ಮಾಡಲು ಅಷ್ಟು ಸಾಕು.

ನಿಗಡಿ ಕಾಕಾ

ಹಂಗಾದ್ರ ಸರಿ. ಮತ್ತ ವಾರ್ ಡೈರಿ ತರಿಸಿದ್ರ?

ರಿಬ್ಬನ್ ಪಟ್ಟಿ

ವಾರ್ ಡೈರಿ ಪಲ್ಟನ್ ಎಲ್ಲಿತ್ತು, ಏನು ಮಾಡಿತು ಅಂತ ಹೇಳುತ್ತದೆ. ಅದರಲ್ಲಿ ಜವಾನರ ಹೆಸರು ಸಿಗುವುದು ಅಪರೂಪ. ಆಧಾರವಾಗಿ ಜೊತೆಗಿಡಬಹುದು, ಅದೊಂದನ್ನೇ ನೆಚ್ಚಿಕೊಳ್ಳಲಾಗದು. ಅದಕ್ಕಿಂತ ಅಪ್ಪಾಜಿಯ ಹಳೇ ಟ್ರಂಕ್ ತೆಗೆಯಿರಿ: ಪೇ ಬುಕ್, ರಜೆ ಚೀಟಿ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಆ ಕಾಲದ ಇನ್‌ಲ್ಯಾಂಡ್ ಪತ್ರದ ಮೇಲಿನ ಫೀಲ್ಡ್ ಪೋಸ್ಟ್ ಆಫೀಸ್ ಮುದ್ರೆ. 56 ಎಪಿಒ (ಸೇನಾ ಅಂಚೆ ಕಚೇರಿ) ಅಂತ ವಿಳಾಸ ಇದ್ದರೆ ಸ್ಥಳ ಗೊತ್ತಾಗದು, ಆದರೆ ಆ ತಾರೀಖಿಗೆ ಯಾವ ಕಂಪನಿಯಲ್ಲಿದ್ದರು ಅಂತ ಗೊತ್ತಾಗುತ್ತದೆ.

ಮನೆಯಲ್ಲಿ ಯಾವುದಾದರೂ ಮೆಡಲ್ ಇದ್ದರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ನಂಬರು, ರ‍್ಯಾಂಕು, ಹೆಸರು, ದಳದ ಸಂಕೇತ ಕೆತ್ತಿರುತ್ತಾರೆ. ಆ ಕೆತ್ತನೆಯಲ್ಲಿ ಹೆಸರಿನ ಕಾಗುಣಿತ ಹೇಗಿದೆಯೋ ಮೆಡಲ್ ರೋಲಿನಲ್ಲೂ (ಮೆಡಲ್ ಪಡೆದವರ ಪಟ್ಟಿ) ಹಾಗೇ ಇರುವ ಸಂಭವ ಹೆಚ್ಚು. ನಮ್ಮ 'ಬಸಪ್ಪ' ಅಲ್ಲಿ 'ಬಾಸಾಪಾ' ಆಗಿದ್ದರೆ ಪತ್ರದಲ್ಲಿ ಎರಡೂ ಬರೆಯಿರಿ.

ವಿಮಾನನಗರ ವಕೀಲೆ

ಅವ್ವನ ಹೆಸರಿಗೆ ಬರ್ತೀನಿ. ಮೆಡಲ್ ಆರು ತಿಂಗಳು ತಡವಾದರೂ ಗಂಟೇನೂ ಹೋಗುವುದಿಲ್ಲ. ಇದು ಹಾಗಲ್ಲ, ಇದನ್ನು ಇವತ್ತೇ ಹಿಡಿಯಿರಿ. ಅಪ್ಪಾಜಿ ಇರುವಾಗ ಅವರ ಒಂದು ಸಹಿಯಲ್ಲಿ ಆಗುವ ಕೆಲಸ, ಅವರಿಲ್ಲದಾಗ ಅವ್ವ ಕಚೇರಿ ಮೆಟ್ಟಿಲು ಸವೆಸುವ ಕೆಲಸ ಆಗುತ್ತದೆ.

ನಮ್ಮ ಕಡೆಯ ಹೆಣ್ಣುಮಕ್ಕಳ ಹೆಸರು ಮೂರು ಸಲ ಬದಲಾಗುತ್ತದೆ. ತವರಲ್ಲಿ ಶಾಂತವ್ವ. ಹಿಂದಿ ಕಡೆಯ ಗುಮಾಸ್ತ ಬರೆದರೆ ಶಾಂತಾ ದೇವಿ. ಮಹಾರಾಷ್ಟ್ರದಲ್ಲಿ ರೇಷನ್ ಕಾರ್ಡ್ ಮಾಡಿಸಿದರೆ ಶಾಂತಾಬಾಯಿ, ನಡುವೆ ಗಂಡನ ಹೆಸರು. ಮೂರೂ ಒಬ್ಬರೇ ಅಂತ ನಮಗೆ ಗೊತ್ತು, ಸ್ಪರ್ಶ್ ಗಣಕಕ್ಕೆ ಗೊತ್ತಿಲ್ಲ.

ಮಾಡಬೇಕಾದ್ದು: ಅಫಿಡವಿಟ್ ಅಪ್ಪಾಜಿಯದು, ಅದರಲ್ಲಿ ದಾಖಲೆಗಳಲ್ಲಿರುವ ಎಲ್ಲ ರೂಪಗಳನ್ನೂ ಬರೆದು "ಇವೆಲ್ಲ ಒಬ್ಬಳೇ ವ್ಯಕ್ತಿ, ನನ್ನ ಧರ್ಮಪತ್ನಿ, ಇನ್ನು ಮುಂದೆ ಆಧಾರಿನಲ್ಲಿರುವ ಹೆಸರನ್ನೇ ಇಟ್ಟುಕೊಳ್ಳಬೇಕು" ಅಂತ ಸ್ಪಷ್ಟವಾಗಿ. ರೂಪ ಒಂದು ಬಿಟ್ಟುಹೋದರೆ ಅಫಿಡವಿಟ್ ಮತ್ತೆ ಮಾಡಿಸಬೇಕು. ಬ್ಯಾಂಕಿನ ಪಾಸ್‌ಬುಕ್, ಪ್ಯಾನ್, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಎದುರಿಗಿಟ್ಟುಕೊಂಡು ಬರೆಸಿ. ನೋಟರಿ ಸಾಕೋ, ಮ್ಯಾಜಿಸ್ಟ್ರೇಟ್ ಬೇಕೋ, ಪತ್ರಿಕೆ ಜಾಹೀರಾತು ಮತ್ತು ಗೆಜೆಟ್ ಬೇಕೋ ಅನ್ನುವುದು ರೆಕಾರ್ಡ್ಸ್‌ನಿಂದ ರೆಕಾರ್ಡ್ಸ್‌ಗೆ ಬೇರೆ. ಅವರ ನಮೂನೆ ತರಿಸಿಕೊಂಡೇ ಟೈಪ್ ಮಾಡಿಸಿ. ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರ್‌ನಿಂದ 100 ರೂಪಾಯಿ ಛಾಪಾ ಕಾಗದದ ಜಾಗಕ್ಕೆ 500 ಬಂದಿದೆ, ಎರಡೆರಡು ಸಲ ಮಾಡಿಸುವುದು ಯಾರಿಗೆ ಬೇಕು.

ಊರಿನ ಕನ್ನಡ ದಾಖಲೆ (ಶಾಲೆಯ ವರ್ಗಾವಣೆ ಪತ್ರ, ಮದುವೆ ನೋಂದಣಿ, ವಂಶವೃಕ್ಷ) ಲಗತ್ತಿಸಿದರೆ ಇಂಗ್ಲಿಷ್ ಅನುವಾದವೂ ನೋಟರಿ ಆಗಿರಲಿ. ಅನುವಾದ ಮಾಡುವವರಿಗೆ ಹೆಸರಿನ ಕಾಗುಣಿತ ಕಾಗದದ ಮೇಲೆ ಬರೆದುಕೊಡಿ, ಇಲ್ಲದಿದ್ದರೆ ನಾಲ್ಕನೇ ರೂಪ ಹುಟ್ಟಿಕೊಳ್ಳುತ್ತದೆ!

ರೆಕಾರ್ಡ್ಸ್ ಪಾರ್ಟ್ ಟು ಆರ್ಡರ್ ಹೊರಡಿಸಿದ ಮೇಲೆ ಪ್ರಯಾಗರಾಜದ ಪಿಂಚಣಿ ಲೆಕ್ಕ ಕಚೇರಿಯಿಂದ ತಿದ್ದುಪಡಿ ಪಿಪಿಒ ಆಗಬೇಕು. ಆರ್ಡರ್ ಬಂತು ಅಂತ ಸಮಾಧಾನಪಟ್ಟು ಅಲ್ಲಿಗೇ ನಿಲ್ಲಿಸುವವರು ಬಹಳ. ಸ್ಪರ್ಶ್‌ನಲ್ಲಿ ಒಳಹೊಕ್ಕು ಹೊಸ ಹೆಸರು ಕಣ್ಣಾರೆ ನೋಡುವ ತನಕ ಕೆಲಸ ಮುಗಿದಿಲ್ಲ.

ಧಾನೋರಿ ಹುಡುಗ

ಅಕ್ಕಾರ, ಹುಟ್ಟಿದ ವರ್ಷದ್ದು? ಯಾರೋ ಹೇಳಿದ್ರು, ಆಧಾರನ್ನೇ 1955 ಮಾಡಿಸಿಬಿಡ್ರಿ, ಹಗುರ ಆಗತದ ಅಂತ.

ವಿಮಾನನಗರ ವಕೀಲೆ

ಬೇಡ. ಕುಟುಂಬ ಪಿಂಚಣಿದಾರರಿಗೂ 80 ತುಂಬಿದ ಮೇಲೆ ಮೂಲ ಪಿಂಚಣಿಯ ಶೇ. 20 ಹೆಚ್ಚುವರಿ ಇದೆ, 85ಕ್ಕೆ 30, 90ಕ್ಕೆ 40, 95ಕ್ಕೆ 50, 100ಕ್ಕೆ ಪೂರ್ತಿ ಇನ್ನೊಂದಷ್ಟು. 1952 ನಿಜವಾಗಿದ್ದು 1955 ಉಳಿದರೆ ಪ್ರತಿ ಹಂತದಲ್ಲೂ ಮೂರು ವರ್ಷ ಕೈಬಿಟ್ಟುಹೋಗುತ್ತದೆ. ಮೇಲಾಗಿ ಆಧಾರಿನಲ್ಲಿ ಜನ್ಮದಿನಾಂಕ ತಿದ್ದಲು ಒಂದೇ ಅವಕಾಶ. ಅದನ್ನು ಸುಳ್ಳಿಗೆ ಖರ್ಚು ಮಾಡಬೇಡಿ. ಸೇನಾ ದಾಖಲೆಯನ್ನೇ ತಿದ್ದಿಸಿ. ಪ್ಯಾನ್, ಪಾಸ್‌ಪೋರ್ಟ್, ಮತದಾರರ ಚೀಟಿ, ಯಾವುದರಲ್ಲಿ 1952 ಇದೆಯೋ ಅದನ್ನೆಲ್ಲ ಜೋಡಿಸಿ.

ಖಡ್ಕಿ ಹಳೇ ಬಾಬು

ಅಮ್ಮನ ವಿಷಯದಲ್ಲಿ ಅವರು ಹೇಳಿದ್ದೇ ಸರಿ. ಆದರೆ ಓದುವ ಬೇರೆಯವರು ತಪ್ಪು ತಿಳಿಯಬಾರದು: ಸೈನಿಕನ ಸ್ವಂತ ಜನ್ಮದಿನಾಂಕಕ್ಕೆ ಇದರ ಉಲ್ಟಾ. ಭರ್ತಿಯಾದಾಗ ಬರೆಸಿದ್ದೇ ಕೊನೆಯದು, ಪಿಂಚಣಿ ಬಂದ ಮೇಲೆ ಅದು ಬದಲಾಗುವುದಿಲ್ಲ. ಅಲ್ಲಿ ಆಧಾರನ್ನೇ ಡಿಸ್ಚಾರ್ಜ್ ಬುಕ್ಕಿಗೆ ಹೊಂದಿಸಬೇಕು. ವಯಸ್ಸಷ್ಟೇ ಹೇಳಿ ಮಾಡಿಸಿದ ಆಧಾರಿನಲ್ಲಿ ಜನವರಿ 1 ಅಂತ ಕೂತಿರುತ್ತದೆ, ಬುಕ್ಕಿನಲ್ಲಿ ಬೇರೆ ತಾರೀಖು, ಸ್ಪರ್ಶ್‌ನಲ್ಲಿ ಜೀವಂತ ಪ್ರಮಾಣಪತ್ರದ ಹೊತ್ತಿಗೆ ತಕರಾರು.

ಚೆಂಬೂರು ಸೈಲರ್

ನೌಕಾಪಡೆಯವರು ಯಾರಾದರೂ ಓದುತ್ತಿದ್ದರೆ: ನಾವಿಕರ ಕಡತ ಮುಂಬೈನ ಮಾನಖುರ್ದ್‌ನಲ್ಲಿ, ಚೀತಾ ಕ್ಯಾಂಪ್ ಪಕ್ಕ, ಬ್ಯೂರೋ ಆಫ್ ಸೈಲರ್ಸ್. ಪಿಂಚಣಿ ಲೆಕ್ಕ ಪ್ರಯಾಗರಾಜ ಅಲ್ಲ, ಮುಂಬೈನಲ್ಲೇ ಇರುವ ನೌಕಾ ಲೆಕ್ಕ ಕಚೇರಿ. ನಮ್ಮಲ್ಲಿ ಪಾರ್ಟ್ ಟು ಆರ್ಡರ್ ಮಾತಿಲ್ಲ, 'ಜೆನ್‌ಫಾರ್ಮ್' ಅನ್ನುತ್ತೇವೆ. ವಾಯುಪಡೆಯ ಏರ್‌ಮನ್‌ಗಳದ್ದು ದಿಲ್ಲಿ ಸುಬ್ರೋತೊ ಪಾರ್ಕ್.

ಮಡಗಾವ್ ಮಾಮ

ಶೌರ್ಯ ಪದಕ ಇದ್ದು ಭತ್ಯೆ ಬಾರದಿದ್ದರೆ?

ರಿಬ್ಬನ್ ಪಟ್ಟಿ

ಶೌರ್ಯ ಪದಕಕ್ಕೆ ಪಾರ್ಟ್ ಟು ಆರ್ಡರಿಗಿಂತ ದೊಡ್ಡ ಆಧಾರ ಭಾರತದ ಗೆಜೆಟ್. ಅಧಿಸೂಚನೆಯ ಸಂಖ್ಯೆ, ತಾರೀಖು ಹುಡುಕಿ ಅದರ ಪ್ರತಿ ಜೊತೆಗಿಡಿ. ಸೇನಾ ಮೆಡಲ್ ಎರಡು ಥರ, ಶೌರ್ಯಕ್ಕೆ ಕೊಟ್ಟದ್ದು ಮತ್ತು ಕರ್ತವ್ಯನಿಷ್ಠೆಗೆ ಕೊಟ್ಟದ್ದು. ಭತ್ಯೆ ಮೊದಲನೆಯದಕ್ಕೆ ಮಾತ್ರ. ಪಿಪಿಒದಲ್ಲಿ ಬರೀ 'ಸೇನಾ ಮೆಡಲ್' ಅಂತಿದ್ದು 'ಶೌರ್ಯ' ಅನ್ನುವ ಪದ ಬಿಟ್ಟಿದ್ದರೆ ತಿಂಗಳ 2,000 ರೂಪಾಯಿ ನಿಂತುಹೋಗುತ್ತದೆ. 2017ರ ಆಗಸ್ಟ್‌ನಿಂದ ವೀರ ಚಕ್ರಕ್ಕೆ 7,000, ಶೌರ್ಯ ಚಕ್ರಕ್ಕೆ 6,000. ಹಳೇ ದರದಲ್ಲೇ ಬರುತ್ತಿದೆಯಾ ಅಂತ ಪಾಸ್‌ಬುಕ್ ನೋಡಿ.

ನಿಗಡಿ ಕಾಕಾ

ಎಲ್ಲಾ ಮಾಡಿದ್ರೂ ರೆಕಾರ್ಡ್ಸ್‌ನವರು ಆಗೂದಿಲ್ಲ ಅಂದ್ರ?

ವಿಮಾನನಗರ ವಕೀಲೆ

ಸಶಸ್ತ್ರ ಪಡೆ ನ್ಯಾಯಮಂಡಳಿ. ಮಹಾರಾಷ್ಟ್ರ, ಗುಜರಾತ್, ಗೋವಾಕ್ಕೆ ಮುಂಬೈ ಪೀಠ. ನಿವೃತ್ತರು ತಾವು ವಾಸವಿರುವ ಕಡೆಯ ಪೀಠಕ್ಕೆ ಹೋಗಬಹುದು, ಊರಿನ ವಿಳಾಸ ಹಾಕಿದರೆ ಕೊಚ್ಚಿ ಪೀಠಕ್ಕೆ ಹೋಗಬೇಕಾಗುತ್ತದೆ, ಕರ್ನಾಟಕ ಅದರಡಿ ಇದೆ. ಆಧಾರಿನಲ್ಲಿ ಪುಣೆ ವಿಳಾಸ ಇದೆಯಾ ನೋಡಿಕೊಳ್ಳಿ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ. ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರವೇ ಇಲ್ಲದಿದ್ದರೆ ಆಗಲೂ ಹೋಗಬಹುದು. ಪಿಂಚಣಿ, ಭತ್ಯೆಯಲ್ಲಿ ತಡವಾದರೂ ಕೇಳಬಹುದು, ಆದರೆ ಬಾಕಿ ಹಣ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಕ್ಕೆ ಕಟ್ಟಾಗುತ್ತದೆ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಬರೀ ಮೆಡಲ್ಲಿಗೆ 50 ವರ್ಷದ ನಂತರ ಹೋದರೆ ತಡವಾಯಿತು ಅನ್ನುವ ಮಾತು ಎದುರಾಗುತ್ತದೆ. ರೆಕಾರ್ಡ್ಸ್‌ನಲ್ಲೇ ಮುಗಿದರೆ ಒಳ್ಳೆಯದು.

ಧಾನೋರಿ ಹುಡುಗ

ತಿಳೀತ್ರಿ. ಈ ವಾರ ಎರಡು ಬೇರೆ ಲಕೋಟೆ ಕಳಸ್ತೀನಿ: ಒಂದ್ರಾಗ ಅವ್ವನ ಹೆಸರು, ವರ್ಷ, ಇನ್ನೊಂದ್ರಾಗ ಶೀಟ್ ರೋಲ್, ಕ್ಯಾಶುಯಲ್ಟಿ ಫಾರ್ಮ್, ಮೂರು ಮೆಡಲ್ಲಿನ ಆರ್ಡರ್ ಪ್ರತಿ. ಎರಡರ ಮ್ಯಾಲೂ ಅಪ್ಪಾಜಿ ಜೆಸಿ ನಂಬರ್ (ನಾಯಬ್ ಸುಬೇದಾರ್ ಆಗಿ ಜೆಸಿಒ ದರ್ಜೆಗೆ ಬಂದ ಮ್ಯಾಲಿನ ನಂಬರ್) ಹಾಕೀನಿ.

ಖಡ್ಕಿ ಹಳೇ ಬಾಬು

ಜೆಸಿ ನಂಬರ್ ಒಂದೇ ಸಾಲದು. 1971, 1972ರಲ್ಲಿ ಅವರು ಜೆಸಿಒ ಆಗಿರಲಿಲ್ಲ, ಆ ಕಾಲದ ರೋಲಿನಲ್ಲಿ ಇರುವುದು ಜವಾನನಾಗಿದ್ದಾಗಿನ ನಂಬರು. ಡಿಸ್ಚಾರ್ಜ್ ಬುಕ್ಕಿನಲ್ಲಿ ಅದೂ ಇರುತ್ತದೆ, ಕೊನೆಯ ಇಂಗ್ಲಿಷ್ ಅಕ್ಷರ ಬಿಡದೆ ಎರಡನ್ನೂ ಬರೆದು, ಯಾವ ವರ್ಷದ ತನಕ ಯಾವುದು ಅಂತ ಪಕ್ಕದಲ್ಲಿ ಹಾಕಿ ಕಳಿಸಿ.